ಹಿಡಿ ಧಾನ್ಯ ಮತ್ತು ಆಲದ ಮರ

ಜೈನರ ಮನೆಯಲ್ಲಿ ಹುಟ್ಟಿದ ಮಗುವಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲು ದೊರೆಯುವ ಪಾಠ ನೀರಿನದು. ಬಾವಿಯಿಂದ ತಂದ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಬಾರದು. ಸೋಸಿದ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ನೀರಿಗೇ ಸೇರಿಸಬೇಕು. ಏಕೆ ಎಂದು ಮಗು ಕೇಳುವ ಮೊದಲೇ ತಾಯಿಯ ಕೈ ಅದನ್ನು ಮಾಡಿ ತೋರಿಸಿರುತ್ತದೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದೂ ಹಾಗೆಯೇ. ಅರ್ಥ ಆಮೇಲೆ ಬರುತ್ತದೆ, ಅಭ್ಯಾಸ ಮೊದಲು ನೆಲೆಗೊಳ್ಳುತ್ತದೆ. ಶ್ರಾವಕಾಚಾರವನ್ನು ರಚಿಸಿದ ಆಚಾರ್ಯರು ಈ ಕ್ರಮವನ್ನು ಬಹಳ ಚೆನ್ನಾಗಿ ಅರಿತಿದ್ದರು.

ಇಂಥದೇ ಒಂದು ಮನೆಯಲ್ಲಿ ನೀರಿನ ಪಾಠ ಕಲಿತ ಒಬ್ಬ ಹುಡುಗನಿದ್ದನು. ಊರಿನ ಬಾವಿಯ ಬಳಿ ಅವನು ಒಂದು ದಿನ ವಿಚಿತ್ರವಾದ ದೃಶ್ಯವನ್ನು ಕಂಡನು. ಅಸ್ಪೃಶ್ಯರೆನಿಸಿಕೊಂಡವರು ಬಾವಿಯಿಂದ ದೂರ ನಿಂತು, ಯಾರಾದರೂ ದಯೆತೋರಿ ನೀರು ಹಾಕಿಯಾರೆಂದು ಕಾಯುತ್ತಿದ್ದರು. ಯಾರೂ ಹಾಕುತ್ತಿರಲಿಲ್ಲ. ನೀರಿನೊಳಗಿನ ಅಣುಜೀವಕ್ಕೆ ಕರುಣೆ ತೋರಿಸುವ ಸಮಾಜವು ಬಾಯಾರಿದ ಮನುಷ್ಯನಿಗೆ ನೀರು ಕೊಡದಿರುವುದು ಆ ಹುಡುಗನಿಗೆ ಅರ್ಥವಾಗಲಿಲ್ಲ. ಅವನು ಹೋಗಿ ಬಾವಿಯ ರಾಟೆಯನ್ನೇ ಮುರಿದು ಹಾಕಿದನು. ಅವರಿಗೆ ಸಲ್ಲದ ನೀರು ಯಾರಿಗೂ ಬೇಡವೆಂಬುದು ಅವನ ಬಾಲಬುದ್ಧಿಯ ನ್ಯಾಯ. ಅದು ಸರಿಯಾದ ಉಪಾಯವಲ್ಲ ಎನ್ನಬಹುದು. ಆದರೆ ಮುಂದೆ ಅವನು ಬದುಕಿನುದ್ದಕ್ಕೂ ಮಾಡಿದ್ದು ಆ ಮುರಿದ ರಾಟೆಗೆ ಪ್ರತಿಯಾಗಿ ಊರೂರಿನಲ್ಲಿ ಹೊಸ ಬಾವಿಗಳನ್ನು ತೋಡುವ ಕೆಲಸವನ್ನೇ. ಆ ಬಾವಿಗಳೆಂದರೆ ಶಾಲೆಗಳು, ವಿದ್ಯಾರ್ಥಿನಿಲಯಗಳು.

ಆ ಹುಡುಗನೇ ಕರ್ಮವೀರ ಭಾವುರಾವ್ ಪಾಟೀಲ.

ಅವರು ಹುಟ್ಟಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಕುಂಭೋಜವೆಂದರೆ ಬಾಹುಬಲಿ ಬೆಟ್ಟದ ನೆರಳಿನಲ್ಲಿರುವ ಊರು. ದಿಗಂಬರ ಜೈನರಿಗೆ ಪೂಜ್ಯವಾದ ಕ್ಷೇತ್ರ. ಮನೆತನದ ಊರು ಈಗಿನ ಸಾಂಗ್ಲಿ ಜಿಲ್ಲೆಯ ಐತವಡೆ ಬುದ್ರುಕ್. ಪೂರ್ವಿಕರು ಮೂಡುಬಿದಿರೆಯ ಕಡೆಯಿಂದ ಬಂದು ಅಲ್ಲಿ ನೆಲೆಸಿದವರೆಂಬುದು ಮನೆತನದಲ್ಲಿ ನಡೆದುಬಂದ ಮಾತು. ತಂದೆಯ ಹೆಸರು ಪಾಯಗೊಂಡ. ಆ ಭಾಗದ ಜೈನ ಒಕ್ಕಲಿನ ಮನೆಗಳಲ್ಲಿ ಇಂದಿಗೂ ಕೇಳಿಬರುವ ಇಂಥ ಹೆಸರುಗಳಲ್ಲಿ ಕನ್ನಡದ ಬೇರು ಎದ್ದು ಕಾಣುತ್ತದೆ. ಪಾಯಗೊಂಡರು ಕಂದಾಯ ಇಲಾಖೆಯಲ್ಲಿ ಗುಮಾಸ್ತರು. ಊರಿಂದೂರಿಗೆ ವರ್ಗವಾಗುತ್ತಿದ್ದ ತಂದೆಯ ಜೊತೆ ಹುಡುಗನ ಶಾಲೆಯೂ ಬದಲಾಗುತ್ತಿತ್ತು.

ಮಹಾಪುರುಷರ ಚರಿತ್ರೆಗಳಲ್ಲಿ ನಾಯಕನು ಬಾಲ್ಯದಲ್ಲಿಯೇ ಸಕಲ ವಿದ್ಯೆಗಳಲ್ಲಿ ಪಾರಂಗತನಾಗಿರುವುದು ವಾಡಿಕೆ. ಭಾವುರಾಯರ ವಿಷಯದಲ್ಲಿ ಹಾಗೆ ಬರೆಯುವಂತಿಲ್ಲ. ಕುಸ್ತಿ, ಈಜು, ಗೆಳೆಯರ ಗುಂಪು ಇವುಗಳಲ್ಲಿ ಮುಂದೆ, ಪುಸ್ತಕದಲ್ಲಿ ಹಿಂದೆ. ಕೊಲ್ಹಾಪುರದ ರಾಜಾರಾಮ ಹೈಸ್ಕೂಲಿನಲ್ಲಿ ಓದುವಾಗ ಅವರು ತೇರ್ಗಡೆಯಾಗದೆ ನಿಂತುಬಿಟ್ಟರು. ಮಹಾರಾಜರಿಂದಲೇ ಶಿಫಾರಸು ಬಂದರೂ ಗಣಿತದ ಅಧ್ಯಾಪಕರು ಒಪ್ಪಲಿಲ್ಲವೆಂದು ಹೇಳುವುದುಂಟು. ಹುಡುಗ ಕುಳಿತ ಬೆಂಚನ್ನು ಬೇಕಾದರೆ ಮೇಲಿನ ತರಗತಿಗೆ ಕಳುಹಿಸುವೆನು, ಹುಡುಗನನ್ನು ಕಳುಹಿಸಲಾರೆನು ಎಂಬುದು ಆ ಗುರುಗಳ ನಿಲುವಾಗಿತ್ತಂತೆ. ಆ ಅಧ್ಯಾಪಕರಿಗೂ ಒಂದು ನಮಸ್ಕಾರ ಸಲ್ಲಬೇಕು. ಅರ್ಹತೆಯಿಲ್ಲದೆ ದೊರೆತ ತೇರ್ಗಡೆ ಮಗುವಿಗೆ ಕಲಿಸುವುದು ಏನೂ ಇಲ್ಲ. ಭಾವುರಾಯರು ಮೆಟ್ರಿಕ್ ಮುಗಿಸಲೇ ಇಲ್ಲ. ಆದರೆ ಹಿಂದುಳಿದ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದು ಅವರಿಗೆ ಕೊನೆಯವರೆಗೂ ಮರೆಯಲಿಲ್ಲ. ದಡ್ಡನೆಂದು ಹೆಸರಿಟ್ಟು ಯಾವ ಹುಡುಗನನ್ನೂ ಅವರು ಬಾಗಿಲಿನಿಂದ ಹಿಂದಕ್ಕೆ ಕಳುಹಿಸದೆ ಇದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಕೊಲ್ಹಾಪುರದಲ್ಲಿ ಅವರು ಇದ್ದದ್ದು ಜೈನ ವಿದ್ಯಾರ್ಥಿನಿಲಯದಲ್ಲಿ. ಮೇಲ್ವಿಚಾರಕರು ಅಣ್ಣಾಸಾಹೇಬ ಲಠ್ಠೆ; ದೊಡ್ಡ ವಿದ್ವಾಂಸರು, ಜೈನ ಸಮಾಜದ ಸುಧಾರಣೆಗಾಗಿ ದುಡಿದವರು, ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಸಚಿವರಾದವರು. ಕಟ್ಟುನಿಟ್ಟಿನ ಶಿಸ್ತು ಅವರದು. ಆ ದಿನಗಳಲ್ಲಿ ಛತ್ರಪತಿ ಶಾಹೂ ಮಹಾರಾಜರ ಆಸರೆಯಲ್ಲಿ ಕೊಲ್ಹಾಪುರದಲ್ಲಿ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯಗಳು ಹುಟ್ಟುತ್ತಿದ್ದವು. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ನಿಲಯ ಆರಂಭವಾದಾಗ ಭಾವುರಾಯರು ಆ ಸಮಾರಂಭಕ್ಕೆ ಹೋಗಿಬಂದರು. ಮರಳಿ ಬಂದಾಗ ಸ್ನಾನ ಮಾಡಿ ಒಳಗೆ ಬರಬೇಕೆಂದು ಆಜ್ಞೆಯಾಯಿತು. ಅವರು ಒಪ್ಪಲಿಲ್ಲ. ಮನುಷ್ಯರ ನಡುವೆ ಕುಳಿತು ಬಂದುದಕ್ಕೆ ಮೈ ತೊಳೆಯಬೇಕೆಂಬುದು ಅವರ ಬುದ್ಧಿಗೆ ಒಗ್ಗಲಿಲ್ಲ. ವಿದ್ಯಾರ್ಥಿನಿಲಯದಿಂದ ಅವರನ್ನು ಹೊರಹಾಕಲಾಯಿತು.

ಇಲ್ಲಿ ಶಾಸ್ತ್ರದ ಮಾತನ್ನು ಸ್ವಲ್ಪ ನೆನೆಯಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಮ್ಯಗ್ದರ್ಶನವನ್ನು ಕೆಡಿಸುವ ಎಂಟು ಮದಗಳನ್ನು ಹೇಳುವಾಗ ಕುಲಮದವನ್ನೂ ಜಾತಿಮದವನ್ನೂ ಬಿಡದೆ ಸೇರಿಸುತ್ತದೆ. ಸಮ್ಯಗ್ದರ್ಶನವುಳ್ಳವನು ಚಂಡಾಲಕುಲದಲ್ಲಿ ಹುಟ್ಟಿದರೂ ಅವನು ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಬೆಳಗುವವನೆಂಬ ಭಾವ ಅದೇ ಗ್ರಂಥದಲ್ಲಿದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ಇನ್ನೊಬ್ಬರ ದೇಹವನ್ನು ಕಂಡು ಹೇಸದಿರುವುದೇ ಅದರ ಅರ್ಥ. ವಿದ್ಯಾರ್ಥಿನಿಲಯದ ನಿಯಮ ಅಂದು ಲೋಕರೂಢಿಯ ಪಕ್ಷದಲ್ಲಿತ್ತು. ಹುಡುಗ ಶಾಸ್ತ್ರದ ಪಕ್ಷದಲ್ಲಿದ್ದನು. ಅದು ಇಬ್ಬರಿಗೂ ಆಗ ತಿಳಿದಿತ್ತೋ ಇಲ್ಲವೋ.

ಭಾವುರಾಯರ ಕಣ್ಣಿಗೆ ಬಿದ್ದ ಮತ್ತೊಬ್ಬ ಬಾಲಕ ಜ್ಞಾನದೇವ ಘೋಲಪ. ಜಾತಿಯ ಕಾರಣದಿಂದ ಶಾಲೆಯ ಒಳಗೆ ಪ್ರವೇಶವಿಲ್ಲದೆ ಹೊರಗೆ ಕುಳಿತು ಪಾಠ ಕೇಳುತ್ತಿದ್ದ ಆ ಹುಡುಗನನ್ನು ಅವರು ಕೈಹಿಡಿದು ಕರೆದುಕೊಂಡು ಬಂದು, ತಮ್ಮ ಮನೆಯಲ್ಲಿ ಇರಿಸಿಕೊಂಡು, ಬಳಿಕ ಕೊಲ್ಹಾಪುರದಲ್ಲಿ ಅದೇ ಮಿಸ್ ಕ್ಲಾರ್ಕ್ ನಿಲಯಕ್ಕೆ ಸೇರಿಸಿದರು. ಹೊಸ್ತಿಲ ಹೊರಗಿನ ಆ ವಿದ್ಯಾರ್ಥಿ ಮುಂದೆ ಮುಂಬಯಿ ಶಾಸನ ಪರಿಷತ್ತಿನ ಸದಸ್ಯನಾದನು. ಒಂದು ಮಗುವಿಗೆ ಒಳಗೆ ಕುಳಿತುಕೊಳ್ಳಲು ಜಾಗ ಸಿಕ್ಕರೆ ಅದು ಎಲ್ಲಿಯವರೆಗೆ ನಡೆಯಬಲ್ಲದು ಎಂಬುದನ್ನು ಭಾವುರಾಯರು ಪುಸ್ತಕದಿಂದ ಕಲಿಯಲಿಲ್ಲ. ಈ ಒಬ್ಬ ಹುಡುಗನಿಂದ ಕಲಿತರು.

ಓದು ನಿಂತ ಮೇಲೆ ಅವರು ಸಾತಾರಾದಲ್ಲಿ ಮನೆಪಾಠ ಹೇಳತೊಡಗಿದರು. ಮೆಟ್ರಿಕ್ ಆಗದವನು ಪಾಠ ಹೇಳುವುದೇ ಎಂದು ನಕ್ಕವರಿದ್ದರು. ಹಿಂದಿನ ರಾತ್ರಿ ತಾವು ಕಲಿತು ಮರುದಿನ ಕಲಿಸುವ ಮೇಷ್ಟ್ರಿಗೆ ಮಗುವಿನ ತೊಡಕು ಎಲ್ಲಿದೆಯೆಂಬುದು ಬೇಗ ತಿಳಿಯುತ್ತದೆ. ಊರಿನಲ್ಲಿ ಅವರು ಪಾಟೀಲ ಮಾಸ್ತರರೆಂದೇ ಹೆಸರಾದರು. ಇದೇ ಕಾಲಕ್ಕೆ, 1909–10ರ ಸುಮಾರಿಗೆ, ಗೆಳೆಯರೊಡನೆ ಸೇರಿ ದುಧಗಾವ್ ಎಂಬ ಹಳ್ಳಿಯಲ್ಲಿ ಎಲ್ಲ ಜಾತಿಯ ಮಕ್ಕಳಿಗಾಗಿ ಒಂದು ವಿದ್ಯಾರ್ಥಿ ಆಶ್ರಮವನ್ನು ತೆರೆದರು. ಹಣವೆಲ್ಲಿ? ಅದಕ್ಕೊಂದು ಸರಳ ಉಪಾಯ ಕಂಡುಕೊಂಡರು. ಪ್ರತಿ ಮನೆಯ ಹೆಂಗಸು ದಿನವೂ ಬೀಸುವ ಮೊದಲು ಒಂದು ಹಿಡಿ ಧಾನ್ಯವನ್ನು ಬೇರೆ ತೆಗೆದಿಡಬೇಕು. ವಾರಕ್ಕೊಮ್ಮೆ ಅದನ್ನು ಸಂಗ್ರಹಿಸಿ ಮಕ್ಕಳ ಊಟಕ್ಕೆ ಕೊಡಬೇಕು. ಹಿಡಿ ಧಾನ್ಯದಿಂದ ಯಾರ ಮನೆಯೂ ಬಡವಾಗಲಿಲ್ಲ. ಮಕ್ಕಳ ಹೊಟ್ಟೆ ತುಂಬಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಊರಿನ ಪ್ರತಿಯೊಬ್ಬ ತಾಯಿಗೂ ದಿನಕ್ಕೊಮ್ಮೆ ಯಾರದೋ ಮಗುವಿನ ನೆನಪಾಗುತ್ತಿತ್ತು. ಆಹಾರದಾನ, ಶಾಸ್ತ್ರದಾನ, ಔಷಧದಾನ, ಅಭಯದಾನ ಎಂದು ಚತುರ್ವಿಧ ದಾನವನ್ನು ಹೇಳುವ ಪರಂಪರೆಯಲ್ಲಿ ಬೆಳೆದ ಹೆಂಗಸರಿಗೆ ಇದು ಹೊಸ ಮಾತಲ್ಲ. ಪರ್ವದ ದಿನ ಮಾಡುತ್ತಿದ್ದುದನ್ನು ಪ್ರತಿದಿನ ಮಾಡುವಂತಾಯಿತು, ಅಷ್ಟೆ.

1914ರಲ್ಲಿ ಅವರ ಬದುಕಿನ ಅತಿ ಕಠಿಣ ಪರೀಕ್ಷೆ ಬಂದಿತು. ಕೊಲ್ಹಾಪುರದಲ್ಲಿದ್ದ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಸಂಸ್ಥಾನದಲ್ಲಿ ದೊಡ್ಡ ಕೋಲಾಹಲವೆದ್ದಿತು. ಆ ಹೊತ್ತಿಗೆ ಅಣ್ಣಾಸಾಹೇಬ ಲಠ್ಠೆಯವರು ಅಧಿಕಾರಿಗಳ ಅವಕೃಪೆಗೆ ಗುರಿಯಾಗಿದ್ದರು. ಅವರೇ ಇದರ ಹಿಂದಿದ್ದಾರೆಂದು ಸಾಕ್ಷ್ಯ ಹೇಳುವಂತೆ ಭಾವುರಾಯರ ಮೇಲೆ ಒತ್ತಡ ಬಿದ್ದಿತು. ತಮ್ಮನ್ನು ವಿದ್ಯಾರ್ಥಿನಿಲಯದಿಂದ ಹೊರಹಾಕಿದವರ ಮೇಲೆ ಹಗೆ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಒಂದು ಸಹಿ ಸಾಕಿತ್ತು. ಸುಳ್ಳು ಬರಹಕ್ಕೆ ಸಹಿ ಹಾಕುವುದನ್ನು ಜೈನ ಶಾಸ್ತ್ರವು ಕೂಟಲೇಖಕ್ರಿಯೆಯೆಂದು ಕರೆದು, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಸೇರಿಸಿದೆ. ಭಾವುರಾಯರು ಸಹಿ ಹಾಕಲಿಲ್ಲ. ಅವರನ್ನು ಸೆರೆಯಲ್ಲಿಟ್ಟು ಹಿಂಸಿಸಿದರು. ಒಂದು ಹಂತದಲ್ಲಿ ಅವರು ಎಷ್ಟು ಕುಗ್ಗಿಹೋದರೆಂದರೆ ಪ್ರಾಣತ್ಯಾಗಕ್ಕೂ ಯತ್ನಿಸಿದರು. ಇದನ್ನು ಮರೆಮಾಚಬೇಕಾಗಿಲ್ಲ; ಧರ್ಮವು ಅದನ್ನು ಒಪ್ಪುವುದೂ ಇಲ್ಲ. ಬದುಕಿ ಉಳಿದುದು ಸಾವಿರಾರು ಮಕ್ಕಳ ಪುಣ್ಯ. ಅವರು ಸುಳ್ಳು ಹೇಳದೆಯೇ ಹೊರಗೆ ಬಂದರು. ಗಮನಿಸಬೇಕಾದುದು ಇನ್ನೊಂದಿದೆ. ಆ ಸಂಕಟ ಬಂದದ್ದು ಶಾಹೂ ಮಹಾರಾಜರ ಸಂಸ್ಥಾನದಲ್ಲಿಯೇ. ಹೀಗಿದ್ದರೂ ಮಹಾರಾಜರು ಬಡವರ ಶಿಕ್ಷಣಕ್ಕಾಗಿ ಮಾಡಿದ ಉಪಕಾರವನ್ನು ಭಾವುರಾಯರು ಮರೆಯಲಿಲ್ಲ. ತಮ್ಮ ವಿದ್ಯಾರ್ಥಿನಿಲಯಕ್ಕೆ ಮುಂದೆ ಅವರ ಹೆಸರನ್ನೇ ಇಟ್ಟರು. ಕ್ಷಮಾವಣಿಯ ದಿನ ಎಲ್ಲರೂ ಕೈಮುಗಿದು ಕ್ಷಮೆ ಕೇಳುತ್ತಾರೆ. ಹೀಗೆ ಕ್ಷಮಿಸಿ ತೋರಿಸುವವರು ಅಪರೂಪ.

ಬಳಿಕ ಕೆಲವು ವರ್ಷ ಅವರು ಓಗಲೆಯವರ ಗಾಜಿನ ಕಾರ್ಖಾನೆಯ ಲಾಟೀನು, ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಇವುಗಳ ಮಾರಾಟಗಾರರಾಗಿ ಹಳ್ಳಿಹಳ್ಳಿ ಸುತ್ತಿದರು. ಸಂಪಾದನೆ ಚೆನ್ನಾಗಿತ್ತು. ಆದರೆ ಲಾಟೀನು ಕೊಂಡ ಮನೆಯಲ್ಲಿ ಅದರ ಬೆಳಕಿನಲ್ಲಿ ಓದುವ ಮಗುವಿರುತ್ತಿರಲಿಲ್ಲ. 1919ರ ಅಕ್ಟೋಬರ್ 4ರಂದು, ವಿಜಯದಶಮಿಯ ದಿನ, ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಮಹಾತ್ಮಾ ಫುಲೆಯವರ ಸತ್ಯಶೋಧಕ ಚಳವಳಿಯ ಪ್ರೇರಣೆ ಅದರ ಹಿಂದಿತ್ತು. ರಯತನೆಂದರೆ ರೈತ, ಸಾಮಾನ್ಯ ಪ್ರಜೆ. ಸಂಸ್ಥೆಯ ಲಾಂಛನ ಆಲದ ಮರ: ಕೊಂಬೆಯಿಂದ ಇಳಿದ ಬಿಳಲು ನೆಲವನ್ನು ಮುಟ್ಟಿ ತಾನೇ ಕಾಂಡವಾಗಿ ಮರವನ್ನು ಹೊರುವ ಆಲ. 1924ರಲ್ಲಿ ಸಂಸ್ಥೆಯ ಕೇಂದ್ರ ಸಾತಾರಾಕ್ಕೆ ಬಂದಿತು. ಅಲ್ಲಿ ಬೇರೆ ಬೇರೆ ಜಾತಿಯ ಬೆರಳೆಣಿಕೆಯ ಹುಡುಗರೊಡನೆ ಭಾವುರಾಯರ ಸ್ವಂತ ಮನೆಯಲ್ಲಿಯೇ ವಿದ್ಯಾರ್ಥಿನಿಲಯ ಆರಂಭವಾಯಿತು. ಊರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ನಿಲಯವಿದ್ದ ಕಾಲ ಅದು. ಇಲ್ಲಿ ಎಲ್ಲರಿಗೂ ಒಂದೇ ಒಲೆ, ಒಂದೇ ಪಂಕ್ತಿ.

ಈ ನಿಲಯದಲ್ಲಿ ಮಕ್ಕಳಿಗೆ ಏನು ಕಲಿಸಲಾಗುತ್ತಿತ್ತೆಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ಭಾವುರಾಯರ ಸಾಧನೆಯ ಗುಟ್ಟೆಲ್ಲ ಅಲ್ಲಿದೆ. ಅಡುಗೆಯವರಿಲ್ಲ, ಆಳುಗಳಿಲ್ಲ. ಹುಡುಗರೇ ಸರದಿಯ ಮೇಲೆ ರೊಟ್ಟಿ ಬಡಿಯಬೇಕು, ನೀರು ತರಬೇಕು, ನೆಲ ಗುಡಿಸಬೇಕು, ಪಾತ್ರೆ ತೊಳೆಯಬೇಕು, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳಬೇಕು. ಹೊಲದಲ್ಲಿ ದುಡಿದು ಕಾಳು ಬೆಳೆಯಬೇಕು. ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು, ತಾವು ಕುಳಿತು ಓದುವ ಕಟ್ಟಡವನ್ನು ಕಟ್ಟುವುದರಲ್ಲಿಯೂ ಕೈಸೇರಿಸಬೇಕು. ಪಾಟೀಲನ ಮಗನೂ ಮಹಾರನ ಮಗನೂ ಒಂದೇ ಬುಟ್ಟಿಯ ಎರಡು ಅಂಚು ಹಿಡಿಯುತ್ತಿದ್ದರು. ಜಾತಿ ಕೆಟ್ಟದ್ದೆಂದು ಅವರಿಗೆ ಉಪನ್ಯಾಸ ಕೊಡುವ ಅಗತ್ಯ ಬೀಳಲಿಲ್ಲ.

ಮಕ್ಕಳಿಗೆ ಒಳ್ಳೆಯ ಅಭ್ಯಾಸ ಬರಲಿಲ್ಲವೆಂದು ಕೊರಗುವ ತಂದೆತಾಯಿಗಳು ಸಾಮಾನ್ಯವಾಗಿ ಒಂದೇ ದಿನದಲ್ಲಿ ಎಲ್ಲವನ್ನೂ ಬಯಸುತ್ತಾರೆ. ಶ್ರಾವಕಾಚಾರ ಹಾಗೆ ಬಯಸುವುದಿಲ್ಲ. ಜೀವನಪೂರ್ತಿ ಹಿಡಿಯುವ ತ್ಯಾಗಕ್ಕೆ ಯಮವೆಂದೂ, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ ಎಂದು ಕಾಲ ಗೊತ್ತುಮಾಡಿಕೊಂಡು ಹಿಡಿಯುವ ತ್ಯಾಗಕ್ಕೆ ನಿಯಮವೆಂದೂ ಹೆಸರು. ಮೊದಲು ನಿಯಮ, ಆಮೇಲೆ ಯಮ. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಒಂದರ ಮೇಲೊಂದು ಇರುವ ಮೆಟ್ಟಿಲುಗಳೇ. ಒಂದು ಮೆಟ್ಟಿಲು ಭದ್ರವಾಗದೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಭಾವುರಾಯರ ನಿಲಯದ ಸರದಿಯಲ್ಲಿಯೂ ಇದೇ ಜಾಣ್ಮೆಯಿತ್ತು. ಇಂದು ನೀರಿನ ಪಾಳಿ ನಿನ್ನದು ಎಂದರೆ ಮಗು ಅದನ್ನು ಹೊರಬಲ್ಲದು. ಬದುಕಿಡೀ ಶಿಸ್ತಿನಿಂದಿರು ಎಂದರೆ ಯಾವ ಮಗುವಿಗೂ ಅದರ ತಲೆಬುಡ ತಿಳಿಯುವುದಿಲ್ಲ.

ಎರಡನೆಯ ಸಂಗತಿ, ಹಿರಿಯನ ಮೈಯೇ ಪಾಠವಾಗುವುದು. ಭಾವುರಾಯರು ಒರಟು ಖಾದಿ ತೊಟ್ಟು, ಹೆಗಲಿಗೊಂದು ಕಂಬಳಿ ಹಾಕಿ, ಬರಿಗಾಲಿನಲ್ಲಿ ಊರೂರು ಅಲೆದು ಧಾನ್ಯ ಬೇಡಿ ತರುತ್ತಿದ್ದರು. ಎದೆಯ ಮೇಲೆ ಹರಡಿದ ಗಡ್ಡ, ಕೈಯಲ್ಲಿ ಕೋಲು. ಸಿಟ್ಟು ಬಂದರೆ ಹುಡುಗರು ನಡುಗುತ್ತಿದ್ದರಂತೆ. ಆ ಸಿಟ್ಟನ್ನು ಇಲ್ಲಿ ಗುಣವೆಂದು ಹೊಗಳಬೇಕಾಗಿಲ್ಲ, ಕ್ರೋಧ ಕಷಾಯವೇ. ಆದರೆ ತಮಗಾಗಿ ಒಬ್ಬ ಮನುಷ್ಯ ಬಿಸಿಲಲ್ಲಿ ಸುತ್ತಿ ಮೂಟೆ ತರುತ್ತಾನೆಂದು ಕಣ್ಣಾರೆ ಕಂಡ ಹುಡುಗನು ಅನ್ನವನ್ನು ತಟ್ಟೆಯಲ್ಲಿ ಬಿಡುವುದಿಲ್ಲ, ಹೊತ್ತನ್ನು ಹರಟೆಯಲ್ಲಿ ಕಳೆಯುವುದಿಲ್ಲ.

ಮೂರನೆಯದು ಸ್ಥಿತಿಕರಣ. ಸಮ್ಯಕ್ತ್ವದ ಅಂಗಗಳಲ್ಲಿ ಇದೂ ಒಂದು. ದಾರಿಯಿಂದ ಜಾರುತ್ತಿರುವವನನ್ನು ಹಿಡಿದು ಮತ್ತೆ ನಿಲ್ಲಿಸುವುದು. ಹಳ್ಳಿಯಿಂದ ಬಂದ ಹುಡುಗರಲ್ಲಿ ಮನೆ ನೆನಪಾಗಿ ಓಡಿಹೋಗುವವರಿರುತ್ತಾರೆ, ಪರೀಕ್ಷೆಯಲ್ಲಿ ಬಿದ್ದು ನಾಚುವವರಿರುತ್ತಾರೆ. ಅಂಥವರನ್ನು ಹಿಂದಕ್ಕೆ ತರಲು ನಿಯಮಾವಳಿಯಿಂದ ಸಾಧ್ಯವಿಲ್ಲ, ತಾಯಿಯಿಂದ ಸಾಧ್ಯ. ಆ ತಾಯಿ ಲಕ್ಷ್ಮೀಬಾಯಿ.

ಭಾವುರಾಯರ ಹೆಸರಿನೊಡನೆ ಈ ಹೆಂಗಸಿನ ಹೆಸರನ್ನು ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಅವರೂ ಕುಂಭೋಜದವರು, ಸ್ಥಿತಿವಂತ ಜೈನ ಪಾಟೀಲರ ಮನೆಯ ಮಗಳು. ಮಡಿ, ಪೂಜೆ, ಉಪವಾಸಗಳ ಕಟ್ಟಳೆಯಲ್ಲಿ ಬೆಳೆದು ಬಂದವರು. ಅಂಥವರ ಅಡುಗೆಮನೆಗೆ ಎಲ್ಲ ಜಾತಿಯ ಹುಡುಗರು ನುಗ್ಗಿಬಂದರೆ ಏನಾಗಬೇಡ? ಮೊದಮೊದಲು ಅವರಿಗೆ ಕಷ್ಟವಾಯಿತು. ಹುಟ್ಟಿದಂದಿನಿಂದ ಬಂದ ಅಭ್ಯಾಸವನ್ನು ಬಿಡುವುದು ಮಕ್ಕಳಿಗಿಂತ ದೊಡ್ಡವರಿಗೇ ಹೆಚ್ಚು ಕಠಿಣ. ಆದರೆ ಹಸಿದ ಮಗುವಿನ ಮುಖ ಆ ಗೋಡೆಯನ್ನು ಕರಗಿಸಿತು. ಕಾಯಿಲೆಯಾದ ಹುಡುಗನ ಹಾಸಿಗೆಯ ಬಳಿ ಕುಳಿತವರು, ತಲೆಗೆ ಎಣ್ಣೆ ಹಚ್ಚಿದವರು, ಊಟದ ಹೊತ್ತಿಗೆ ಬಾರದವನನ್ನು ಹುಡುಕಿಸಿದವರು ಅವರೇ. ಎಲ್ಲ ಹುಡುಗರಿಗೂ ಅವರು ತಾಯಿಯಾದರು.

ನಿಲಯದ ಮಕ್ಕಳ ಸಂಖ್ಯೆ ಹೆಚ್ಚಿದಂತೆ ಧಾನ್ಯ ಸಾಲದೆ ಬರುತ್ತಿತ್ತು. ತವರಿನಿಂದ ಬಂದ ಒಡವೆಗಳು ಒಂದೊಂದಾಗಿ ಅಂಗಡಿ ಸೇರಿದವು. ಒಮ್ಮೆ ಭಾವುರಾಯರು ಊರಿನಲ್ಲಿಲ್ಲದಾಗ ಮಕ್ಕಳಿಗೆ ಹಿಟ್ಟಿಲ್ಲವಾಯಿತು. ಮನೆಯಲ್ಲಿ ಮಾರಲು ಉಳಿದದ್ದು ಕೊರಳಿನ ಮಂಗಳಸೂತ್ರ ಮಾತ್ರ. ಮುತ್ತೈದೆಯೊಬ್ಬಳು ಅದನ್ನು ಬಿಚ್ಚುವುದೆಂದರೆ ಆ ಕಾಲದ ಊರಿನಲ್ಲಿ ಏನರ್ಥವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷ್ಮೀಬಾಯಿ ಅದನ್ನು ಬಿಚ್ಚಿಕೊಟ್ಟರು. ಮಕ್ಕಳು ಉಂಡರು.

ಕನ್ನಡ ನಾಡಿನ ಜೈನರು ದಾನವೆಂದೊಡನೆ ನೆನೆಯುವುದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಮಹಾತಾಯಿಗೆ ಸಂಪತ್ತಿತ್ತು. ಅದನ್ನು ಎಲ್ಲಿಗೆ ಸಲ್ಲಿಸಬೇಕೆಂಬ ವಿವೇಕವೂ ಇತ್ತು. ಸಾತಾರಾದ ಈ ಶ್ರಾವಿಕೆಗೆ ಕೊರಳಿನದೊಂದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಅತ್ತಿಮಬ್ಬೆ ಖಂಡಿತ ಬೇಸರಪಡಲಾರಳು. ಲಕ್ಷ್ಮೀಬಾಯಿ 1930ರಲ್ಲಿ ತೀರಿಕೊಂಡರು. ನಿಲಯ ದೊಡ್ಡದಾಗಿ ಬೆಳೆದುದನ್ನು ಕಾಣಲು ಅವರಿರಲಿಲ್ಲ. ಭಾವುರಾಯರು ಮರುಮದುವೆಯಾಗಲಿಲ್ಲ.

ಅದಕ್ಕೆ ಮೂರು ವರ್ಷ ಮೊದಲು, 1927ರ ಫೆಬ್ರವರಿ 25ರಂದು, ಮಹಾತ್ಮಾ ಗಾಂಧಿಯವರು ಸಾತಾರಾಕ್ಕೆ ಬಂದು ಈ ನಿಲಯವನ್ನು ಕಂಡು, ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂಬ ಹೆಸರನ್ನು ವಿಧಿಪೂರ್ವಕವಾಗಿ ಇಟ್ಟರು. ಸಾಬರಮತಿಯಲ್ಲಿ ತಾವು ಸಾಧಿಸಲು ಯತ್ನಿಸುತ್ತಿದ್ದುದನ್ನು ಹಳ್ಳಿಯ ಹುಡುಗರು ಇಲ್ಲಿ ಸಹಜವಾಗಿ ಬದುಕುತ್ತಿರುವುದು ಅವರಿಗೆ ಸಂತೋಷ ತಂದಿತು. 1932ರಲ್ಲಿ, ಪುಣೆ ಒಪ್ಪಂದದ ವರ್ಷದಲ್ಲಿ, ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಹುಟ್ಟಿತು. ಹಳ್ಳಿಯ ಶಾಲೆಗಳಿಗೆ ಮೇಷ್ಟ್ರುಗಳು ಬೇಕೆಂದು 1935ರಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ ತೆರೆಯಿತು. 1940ರಲ್ಲಿ ಸಾತಾರಾದ ಮಹಾರಾಜಾ ಸಯಾಜಿರಾವ್ ಹೈಸ್ಕೂಲು ಬಂದಿತು. ಅಲ್ಲಿ ಶುಲ್ಕವಿಲ್ಲ, ದುಡಿದು ಕಲಿಯುವುದೇ ಶುಲ್ಕ. ಭಿಕ್ಷೆಯೆಂಬ ಭಾವ ಮಗುವಿನ ಮನಸ್ಸಿಗೆ ತಾಗಬಾರದೆಂಬುದು ಭಾವುರಾಯರ ಎಚ್ಚರ. ತಾವು ಮಾತ್ರ ಜೀವನವಿಡೀ ಬೇಡಿದರು. ಮಕ್ಕಳಿಗೆ ಬೇಡುವ ಅಭ್ಯಾಸ ಬರಗೊಡಲಿಲ್ಲ.

ಜೈನ ದರ್ಶನದಲ್ಲಿ ವರ ಕೊಡುವ ದೇವರಿಲ್ಲ. ತೀರ್ಥಂಕರರು ದಾರಿಯನ್ನು ತೋರುತ್ತಾರೆ, ನಡೆಯಬೇಕಾದವನು ಜೀವನೇ. ಕಟ್ಟಿಕೊಂಡ ಕರ್ಮವನ್ನು ಕಳಚಬೇಕಾದುದೂ ಸ್ವಂತ ಪುರುಷಾರ್ಥದಿಂದಲೇ. ಹೀಗೆ ನೋಡಿದರೆ ಸ್ವಾವಲಂಬನೆಯ ಶಿಕ್ಷಣವೆಂಬುದು ಭಾವುರಾಯರಿಗೆ ಹೊರಗಿನಿಂದ ಬಂದ ವಿಚಾರವಾಗಿರಲಿಲ್ಲ, ಮನೆಯ ಜಗಲಿಯಲ್ಲಿಯೇ ಇತ್ತು. ಅದರ ಜೊತೆಗೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಪರಸ್ಪರ ಉಪಕಾರವೂ ಸೇರಿಕೊಂಡಿತು. ತಾನೇ ನಡೆಯಬೇಕು, ನಿಜ. ಆದರೆ ಜೊತೆಯಲ್ಲಿ ನಡೆಯುವವರಿಗೆ ಕೈಕೊಡದೆ ನಡೆದವನು ದೂರ ಹೋಗಲಾರನು. ಜನರು ಅವರಿಗೆ ಕರ್ಮವೀರನೆಂಬ ಬಿರುದು ಕೊಟ್ಟರು. ಕರ್ಮವನ್ನು ಬಂಧವೆಂದು ಬಗೆಯುವ ಜೈನರ ಕಿವಿಗೆ ಈ ಬಿರುದು ಸ್ವಲ್ಪ ವಿನೋದವಾಗಿ ಕೇಳಿಸಬಹುದು. ಜನರ ಮನಸ್ಸಿನಲ್ಲಿದ್ದುದು ದುಡಿಮೆಯ ಅರ್ಥ.

ಈ ನಿಲಯದಲ್ಲಿ ರೊಟ್ಟಿ ಬಡಿದು, ನೀರು ಹೊತ್ತು ಓದಿದ ಬಡ ಹುಡುಗರಲ್ಲಿ ಪಿ. ಜಿ. ಪಾಟೀಲರೊಬ್ಬರು. ಸಂಸ್ಥೆಯ ಆಸರೆಯಿಂದ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದರು. ದೊಡ್ಡ ಸಂಬಳದ ಕೆಲಸ ಹುಡುಕದೆ ಸಂಸ್ಥೆಗೇ ಮರಳಿದರು. ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆಲದ ಬಿಳಲು ನೆಲ ಮುಟ್ಟಿ ಕಾಂಡವಾಗುವುದೆಂದರೆ ಇದೇ.

1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಮರುವರ್ಷ ಗಾಂಧೀಜಿಯವರ ಹತ್ಯೆಯಾದಾಗ, ಅವರ ನೆನಪಿನಲ್ಲಿ 101 ಪ್ರೌಢಶಾಲೆಗಳನ್ನು ತೆರೆಯುವುದಾಗಿ ಭಾವುರಾಯರು ಸಂಕಲ್ಪ ಮಾಡಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಅದೇ ಹೊತ್ತಿಗೆ ಸರ್ಕಾರದೊಡನೆ ವೈಮನಸ್ಯವೂ ಬೆಳೆಯಿತು. ನೇರವಾಗಿ ಟೀಕಿಸುವುದು ಅವರ ಸ್ವಭಾವ. ಮುಂಬಯಿ ಸರ್ಕಾರವು ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ನೂರಾರು ಶಾಲೆಗಳ ಮೇಷ್ಟ್ರುಗಳು ಸಂಬಳವಿಲ್ಲದೆ ಪಾಠ ಮಾಡಿದರು. ದುಧಗಾವಿನ ಹಿಡಿ ಧಾನ್ಯ ಮತ್ತೆ ನೆನಪಾದ ಕಾಲ ಅದು. ಭಾವುರಾಯರು ಕಂಬಳಿ ಹೆಗಲಿಗೇರಿಸಿ ರೈತರ ಬಾಗಿಲಿಗೆ ಹೋದರು. ಜನ ಕೈಬಿಡಲಿಲ್ಲ. ಲೋಕದ ಒತ್ತಾಯಕ್ಕೆ ಮಣಿದು ಅನುದಾನ ಮತ್ತೆ ಬಂದಿತು. ಯಾವ ಶಾಲೆಯೂ ಮುಚ್ಚಬಾರದೆಂಬ ಹಟಕ್ಕೆ ಅವರು ತಮ್ಮ ಆರೋಗ್ಯವನ್ನೇ ತೆತ್ತರೆಂದು ಹೇಳಿದರೆ ತಪ್ಪಾಗದು. ಆದರೂ ನಡಿಗೆ ನಿಲ್ಲಲಿಲ್ಲ. 1954ರಲ್ಲಿ ಕರಾಡದಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಕಾಲೇಜು, 1955ರಲ್ಲಿ ಸಾತಾರಾದಲ್ಲಿ ಶಿಕ್ಷಕರಿಗಾಗಿ ಆಜಾದ್ ಕಾಲೇಜು ಬಂದವು. ಕೊನೆಯ ದಿನಗಳ ಹೊತ್ತಿಗೆ ಸಂಸ್ಥೆಯ ಆಶ್ರಯದಲ್ಲಿ 38 ವಿದ್ಯಾರ್ಥಿನಿಲಯಗಳೂ 500ಕ್ಕೂ ಹೆಚ್ಚು ಹಳ್ಳಿಯ ಪ್ರಾಥಮಿಕ ಶಾಲೆಗಳೂ ಇದ್ದವು. ಪ್ರೌಢಶಾಲೆಗಳ ಎಣಿಕೆ 101ನ್ನು ದಾಟಿತ್ತು.

1959ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣವನ್ನು ನೀಡಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯವು ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಮೆಟ್ರಿಕ್ ಪಾಸಾಗದ ಹುಡುಗನನ್ನು ಶಿಫಾರಸಿಗೆ ಬಗ್ಗಿ ತೇರ್ಗಡೆ ಮಾಡಲು ಒಪ್ಪದ ಆ ಗಣಿತದ ಗುರುಗಳು ಅದನ್ನು ಕಂಡಿದ್ದರೆ ಈ ಸಲ ತಕರಾರು ಮಾಡುತ್ತಿರಲಿಲ್ಲ. ಮೇ 9ರಂದು ಪುಣೆಯಲ್ಲಿ ಭಾವುರಾಯರು ದೇಹ ಬಿಟ್ಟರು. ಅವರ ಸಮಾಧಿ ಇರುವುದು ಸಾತಾರಾದಲ್ಲಿ, ಹುಡುಗರು ಮಣ್ಣು ಹೊತ್ತು ಕಲ್ಲು ಒಡೆದು ಓದಿದ ಊರಿನಲ್ಲಿ.